ದುಡಿಮೆಯ ಊರಿನಲ್ಲಿ ಬಾಡಿಗೆಯ ಮನೆ

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಹತ್ತು ಮೈಲಿಯ ಕವಲು ರೈಲುಹಾದಿಯನ್ನು 1894ರಲ್ಲಿ ತೆರೆದಾಗ, ಗಣಿಗಳಿಗೆ ಬೇಕಾದ ಯಂತ್ರ, ಕಲ್ಲಿದ್ದಲು, ಮರಮುಟ್ಟುಗಳನ್ನೂ ಅವುಗಳೊಡನೆ ದುಡಿಯುವ ಜನರನ್ನೂ ಕೋಲಾರದ ಚಿನ್ನದ ನೆಲಕ್ಕೆ ತಂದಿಳಿಸುವುದೇ ಅದರ ಉದ್ದೇಶವಾಗಿದ್ದಿತು. ಇಂದು ಅದೇ ಹಾದಿಯ ಗಾಡಿಗಳು ನಸುಕಿನಲ್ಲಿ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನರನ್ನು ತುಂಬಿಕೊಂಡು, ಬಂಗಾರಪೇಟೆಯ ಜಂಕ್ಷನ್ನಿನಲ್ಲಿ ಇನ್ನಷ್ಟು ಜನರನ್ನು ಹತ್ತಿಸಿಕೊಂಡು, ಬೆಂಗಳೂರಿನ ಕಡೆಗೆ ಓಡುತ್ತವೆ. ಆಸ್ಪತ್ರೆಯ ದಾದಿಯರು, ಕಟ್ಟಡಗಳ ಕಾವಲುಗಾರರು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಗುತ್ತಿಗೆಯ ಸ್ವಚ್ಛತಾ ಕೆಲಸಗಾರರು, ಹೀಗೆ ಆ ಮಹಾನಗರವನ್ನು ದಿನದಿನವೂ ನಡೆಸಿಕೊಂಡು ಹೋಗುವ ಸಹಸ್ರಾರು ಮಂದಿ, ದಿನದ ನಾಲ್ಕೈದು ಗಂಟೆಗಳನ್ನು ರೈಲಿಗೆ ತೆತ್ತು ರಾತ್ರಿ ಮನೆ ಸೇರುತ್ತಾರೆ. ದುಡಿಮೆಯಿರುವ ಊರಿನಲ್ಲಿ ಅವರ ಸಂಬಳಕ್ಕೆ ಎಟುಕುವ ಮನೆಯಿಲ್ಲ. ಮನೆಯಿರುವ ಊರಿನಲ್ಲಿ ದುಡಿಮೆಯಿಲ್ಲ. ಸರ್ಕಾರದ ಬೆಂಬಲದಿಂದ ಕಟ್ಟುವ ಅಲ್ಪಬಾಡಿಗೆಯ ಮನೆಗಳೆಂದು ಈಚಿನ ವರ್ಷಗಳಲ್ಲಿ ನಾವು ಕೇಳುತ್ತಿರುವ ಮಾತೆಲ್ಲವೂ ಈ ಅಂತರವನ್ನು ಕುರಿತದ್ದು.

ಯಾವ ಊರಿನ ನಿತ್ಯಜೀವನವೇ ಆಗಲಿ ಕೆಲವು ಬಗೆಯ ನೌಕರರ ಮೇಲೆ ನಿಂತಿರುತ್ತದೆ. ರೋಗಿಯ ಬಳಿ ರಾತ್ರಿ ಎಚ್ಚರವಾಗಿರುವವಳು, ಬೀದಿ ಗುಡಿಸುವವನು, ಠಾಣೆಯ ಪೇದೆ, ಶಾಲೆಯ ಉಪಾಧ್ಯಾಯಿನಿ, ಬಸ್ಸಿನ ಚಾಲಕ, ನೀರಿನ ಕೊಳವೆಯನ್ನು ತಿರುಗಿಸುವವನು, ಇವರಲ್ಲಿ ಒಬ್ಬರು ಬಾರದಿದ್ದರೂ ಊರು ಮುಗ್ಗರಿಸುತ್ತದೆ. ಇವರ ವೇತನವು ಊರಿನ ಐಶ್ವರ್ಯದೊಡನೆ ಏರುವುದಿಲ್ಲ. ಮನೆಯ ಬಾಡಿಗೆಯಾದರೋ ಏರುತ್ತಲೇ ಇರುತ್ತದೆ. ಲಂಡನ್ನಿನಲ್ಲಿಯೂ ಅದರ ಸುತ್ತಣ ಪ್ರಾಂತಗಳಲ್ಲಿಯೂ ಈ ಕಷ್ಟವು ಉಲ್ಬಣಿಸಿದಾಗ, ಅಲ್ಲಿಯ ಸರ್ಕಾರವು 2004ರಲ್ಲಿ ದಾದಿಯರು, ಉಪಾಧ್ಯಾಯರು, ಪೊಲೀಸರು ಮೊದಲಾದವರಿಗಾಗಿಯೇ ಒಂದು ವಸತಿ ಯೋಜನೆಯನ್ನು ಹೂಡಿ, ಪೇಟೆಯ ಬಾಡಿಗೆಯ ನೂರರಲ್ಲಿ ಎಪ್ಪತ್ತೈದರಿಂದ ಎಂಬತ್ತು ಭಾಗಕ್ಕೆ ಮನೆಗಳನ್ನು ಕೊಡಿಸುವ ಏರ್ಪಾಡನ್ನೂ ಅದರಲ್ಲಿ ಸೇರಿಸಿತು. ನಮ್ಮ ನಾಡಿಗೆ ಇದು ಹೊಸದೆಂದು ಭಾವಿಸಬೇಕಾಗಿಲ್ಲ. ಕೆಲಸಗಾರನಿಗೆ ಕೆಲಸದ ಬಳಿಯಲ್ಲೇ ಮನೆ ಕೊಡುವ ಪ್ರಯೋಗವು ಕೋಲಾರದ ಗಣಿಗಳಲ್ಲಿ ಶತಮಾನಕ್ಕೂ ಮಿಕ್ಕ ಕಾಲ ನಡೆದಿದೆ. ಅದು ಎಲ್ಲಿ ನಡೆಯಿತು, ಎಲ್ಲಿ ಮುರಿಯಿತು ಎಂಬುದನ್ನು ಆ ಊರಿನ ಗೋಡೆಗಳೇ ತೋರಿಸಿಕೊಡುತ್ತವೆ.

1802ರಲ್ಲಿ ಲೆಫ್ಟೆನೆಂಟ್ ಜಾನ್ ವಾರನ್ ಎಂಬ ಅಧಿಕಾರಿಯು ಈ ಸೀಮೆಯಲ್ಲಿ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣಗಳನ್ನು ಆಯುವುದನ್ನು ಕಂಡು ವರದಿ ಮಾಡಿದನು. ಎಪ್ಪತ್ತು ವರ್ಷಗಳ ತರುವಾಯ, ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೇಲ್ ಲ್ಯಾವೆಲ್ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿಯಿಟ್ಟು, 1875ರಲ್ಲಿ ಗಣಿಯ ಹಕ್ಕನ್ನು ಪಡೆದನು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಇಲ್ಲಿ ಕಾಲಿಟ್ಟ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಒಂದೊಂದಾಗಿ ಆಳಕ್ಕಿಳಿದವು. ಅಷ್ಟು ಜನ ಕೂಲಿಗಳು ಸುತ್ತಣ ಬಯಲುಸೀಮೆಯ ಹಳ್ಳಿಗಳಲ್ಲಿ ದೊರೆಯುವಂತಿರಲಿಲ್ಲ. ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳಿಂದ, ಅದರಲ್ಲಿಯೂ ಭೂಮಿಯಿಲ್ಲದ ದಲಿತ ಕುಟುಂಬಗಳಿಂದ, ಜನರು ಗುಂಪುಗುಂಪಾಗಿ ಬಂದರು. ಹಾಗೆ ಬಂದವರು ಕಾಲುಚಾಚಲು ಒಂದು ಮಾಡು ಬೇಕಲ್ಲವೆ? ಬಿದಿರಿನ ತಟ್ಟಿಗಳನ್ನು ಹೆಣೆದು ನಿಲ್ಲಿಸಿದ ಗುಡಿಸಲುಗಳು ಸಾಲುಸಾಲಾಗಿ ಎದ್ದವು; ಮುಂದೆ ಅವುಗಳಲ್ಲಿ ಕೆಲವು ಮಣ್ಣಿನ ಗೋಡೆಯನ್ನೂ ತಗಡಿನ ಮಾಡನ್ನೂ ಪಡೆದವು. ಅವೇ ಈಗಲೂ ಜನರ ಬಾಯಲ್ಲಿರುವ ‘ಲೈನ್ ಮನೆಗಳು’. ಒಂದು ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ರಾತ್ರಿಪಾಳಿ ಮುಗಿಸಿ ಬಂದವನು ಹಗಲು ಮಲಗಿದ್ದರೆ ಮಕ್ಕಳಿಗೆ ಬೀದಿಯೇ ಮನೆ. ದಿಬ್ಬದ ಮೇಲಿನ ಬಂಗಲೆಗಳಲ್ಲಿ ಐರೋಪ್ಯ ಅಧಿಕಾರಿಗಳು, ಹೂದೋಟ, ಕ್ಲಬ್ಬು, ಗಾಲ್ಫ್ ಮೈದಾನ. ಲೈನುಗಳಲ್ಲಿ ಗೋಡೆಗೆ ಗೋಡೆ ಅಂಟಿದ ಕೋಣೆಗಳು.

ಕಂಪೆನಿಗಳ ದೂರದೃಷ್ಟಿಯು ಯಂತ್ರಗಳ ವಿಷಯದಲ್ಲಿ ಎಷ್ಟು ದೊಡ್ಡದಾಗಿದ್ದಿತೆಂಬುದನ್ನು ಎಲ್ಲರೂ ಬಲ್ಲರು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ತೊಂಬತ್ತು ಮೈಲಿಗೂ ಮಿಕ್ಕ ತಂತಿಯನ್ನೆಳೆದು ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ತರಲಾಯಿತು. ಬೆಂಗಳೂರಿನ ಬೀದಿದೀಪಗಳು ಅದಕ್ಕಾಗಿ 1905ರವರೆಗೆ ಕಾಯಬೇಕಾಯಿತು. ಪಾಲಾರಿನ ಬೇತಮಂಗಲದ ಕೆರೆಯಿಂದ ಶೋಧಿಸಿದ ನೀರು ಬಂದಿತು. ಆದರೆ ವಸತಿಯ ವಿಷಯದಲ್ಲಿ ಕಣ್ಣು ತೆರೆದದ್ದು ರೋಗವು ಬಾಗಿಲಿಗೆ ಬಂದಾಗ. 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕ ಪ್ಲೇಗು ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳ ನಿರ್ಮಾಣಕ್ಕೆ ಹೇಗೆ ಕಾರಣವಾಯಿತೋ, ಹಾಗೆಯೇ ಗಣಿಪ್ರದೇಶದಲ್ಲಿಯೂ ಕಿಕ್ಕಿರಿದ ವಸತಿಗಳ ಭಯವನ್ನು ಹುಟ್ಟಿಸಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಆಗಿನ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್ಸನ್ನರ ಹೆಸರಿನಲ್ಲಿ, ನೇರವಾದ ಅಡ್ಡಬೀದಿಗಳ ರಾಬರ್ಟ್ಸನ್ ಪೇಟೆಯು ಹುಟ್ಟಿತು. ರೈಲಿನ ಕವಲುದಾರಿಯಲ್ಲಿ, ಕಮಿಷನರ್ ಲೂಯಿನ್ ಬೌರಿಂಗನ ನೆನಪಿನ ಬೌರಿಂಗ್‌ಪೇಟೆಯು ಬೆಳೆಯಿತು. ಅದೇ ಈಗಿನ ಬಂಗಾರಪೇಟೆ.

ಲೈನು ಮನೆಯ ಗುಣವನ್ನೂ ದೋಷವನ್ನೂ ಒಟ್ಟಿಗೆ ಹೇಳಬೇಕು. ಗುಣವೆಂದರೆ, ಶಾಫ್ಟಿನ ಬಾಯಿಗೂ ಮನೆಯ ಬಾಗಿಲಿಗೂ ಕೂಗಳತೆಯ ದೂರ. ನೆಲದೊಳಗೆ ಮೂರು ಸಾವಿರ ಮೀಟರಿಗೂ ಮಿಕ್ಕ ಆಳದಲ್ಲಿ, ಕಾದ ಬಂಡೆಗಳ ನಡುವೆ ದುಡಿದು ಮೇಲೆ ಬಂದವನು ಮತ್ತೆ ದೂರ ಪಯಣಿಸಬೇಕಾಗಿರಲಿಲ್ಲ. ಬಂಡೆ ಸಿಡಿದು ಅನಾಹುತವಾದಾಗ ಲೈನಿಗೆ ಲೈನೇ ಒಂದು ಕುಟುಂಬವಾಗಿ ಓಡಿ ಬರುತ್ತಿದ್ದಿತು. ನೆರೆಹೊರೆಯೆಂಬುದು ಅಲ್ಲಿ ಜೀವವಿಮೆಯಂತಿತ್ತು. ದೋಷವಾದರೋ ಒಂದೇ, ಆದರೆ ಬುಡಕ್ಕೇ ಅಂಟಿದುದು: ಮನೆಯ ಯಜಮಾನನೂ ಕೆಲಸದ ಯಜಮಾನನೂ ಒಬ್ಬನೇ ಆಗಿದ್ದನು. ಕೆಲಸದಿಂದ ತೆಗೆದವನು ಲೈನಿನ ಮನೆಯನ್ನೂ ಬಿಡಬೇಕು. ಮೇಸ್ತ್ರಿಯೊಡನೆ ವಾದಿಸುವವನು ಅದಕ್ಕೆ ಮೊದಲು ತನ್ನ ಹೆಂಡತಿಮಕ್ಕಳ ತಲೆಯ ಮೇಲಿನ ಮಾಡನ್ನು ನೆನೆಯಬೇಕು. ಚಿನ್ನದ ಕಳವನ್ನು ತಡೆಯುವ ಹೆಸರಿನಲ್ಲಿ ಲೈನುಗಳ ಮೇಲೆ ಕಾವಲೂ ಇದ್ದಿತು. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕೆಂಬ ಆಜ್ಞೆಯ ವಿರುದ್ಧ ಗಣಿಯ ಕಾರ್ಮಿಕರು ದೊಡ್ಡ ಮುಷ್ಕರವನ್ನೇ ಹೂಡಿದಾಗ, ಉದ್ಯೋಗ, ಮನೆ, ಊರು ಮೂರೂ ಒಂದೇ ಕೈಯಲ್ಲಿರುವ ಸ್ಥಿತಿಯಲ್ಲಿ ಅವರು ಯಾವ ಧೈರ್ಯದಿಂದ ಎದ್ದು ನಿಂತರೆಂಬುದನ್ನು ನಾವು ಊಹಿಸಿಕೊಳ್ಳಬೇಕು.

ಸ್ವಾತಂತ್ರ್ಯಾನಂತರ ಸರ್ಕಾರವು ಈ ಹೊಣೆಯಲ್ಲಿ ತನಗೂ ಪಾಲುಂಟೆಂದು ಒಪ್ಪಿಕೊಂಡಿತು. ಮೈಸೂರು ಸಂಸ್ಥಾನದಲ್ಲಿ 1949ರಲ್ಲೇ ಕಾರ್ಮಿಕರ ವಸತಿಗಾಗಿ ಪ್ರತ್ಯೇಕ ಕಾನೂನು ಬಂದಿತು. 1962ರ ಗೃಹಮಂಡಳಿಯ ಕಾನೂನಿಗೆ ಅದೇ ಪೂರ್ವಜ. ಕೇಂದ್ರ ಸರ್ಕಾರವು 1952ರಲ್ಲಿ ಕೈಗಾರಿಕಾ ಕಾರ್ಮಿಕರಿಗಾಗಿ ಸಹಾಯಧನದ ವಸತಿ ಯೋಜನೆಯನ್ನು ಹೊರಡಿಸಿ, ರಾಜ್ಯಗಳು ಕಟ್ಟುವ ಮನೆಗಳ ವೆಚ್ಚದ ಅರ್ಧವನ್ನು ದಾನವಾಗಿಯೂ ಉಳಿದರ್ಧವನ್ನು ಸಾಲವಾಗಿಯೂ ಕೊಡಲು ಮುಂದಾಯಿತು; ಕಲ್ಲಿದ್ದಲು, ಅಭ್ರಕದ ಗಣಿಗಳನ್ನುಳಿದು ಮಿಕ್ಕ ಗಣಿಗಳ ಕಾರ್ಮಿಕರೂ ಅದರಲ್ಲಿ ಸೇರಿದ್ದರು. ಯೋಜನೆಯ ತತ್ತ್ವವು ಉದಾತ್ತವಾದದ್ದು: ಕೂಲಿಗಾರನ ಸಂಬಳವು ಹೊರಲಾರದ ಬಾಡಿಗೆಯ ಭಾರವನ್ನು ಸಮಾಜವು ಹಂಚಿಕೊಳ್ಳಬೇಕು. ಆದರೆ ಸಾಲ ಸಿಕ್ಕುವುದೆಂದರೂ ಉದ್ಯಮಗಳ ಮಾಲೀಕರಲ್ಲಿ ಮನೆ ಕಟ್ಟುವ ಉತ್ಸಾಹವು ಕಡಮೆಯಾಗಿದ್ದಿತು. ಕಟ್ಟಿದ ಮನೆಗಳು ಎಷ್ಟೋ ಕಡೆ ಕೆಲಸದ ಸ್ಥಳಕ್ಕೆ ದೂರವಾದವು. ಕಾಲಕ್ರಮದಲ್ಲಿ ಬಾಡಿಗೆಯ ಮನೆಗಳನ್ನು ವಾಸವಿದ್ದವರಿಗೇ ಮಾರಿಬಿಡುವ ನೀತಿ ಬಂದು, ಸರ್ಕಾರದ ಕೈಯಲ್ಲಿ ಬಾಡಿಗೆಗೆ ಕೊಡುವ ಮನೆಯೆಂಬುದೇ ವಿರಳವಾಯಿತು. ಆಶ್ರಯ, ಅಂಬೇಡ್ಕರ್, ಬಸವ ವಸತಿಗಳೆಂದು ಅನಂತರ ಬಂದ ಯೋಜನೆಗಳೆಲ್ಲವೂ ಸ್ವಂತ ಮನೆಯ ಯೋಜನೆಗಳು. ಸ್ವಂತ ಮನೆಯ ಹಂಬಲವನ್ನು ಯಾರೂ ಹಳಿಯಲಾರರು. ಆದರೆ ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಪೇದೆಗೆ, ಮೊದಲ ಕೆಲಸಕ್ಕೆ ಸೇರಿದ ದಾದಿಗೆ, ಹಳ್ಳಿಯಲ್ಲಿ ಹೊಲವಿಟ್ಟುಕೊಂಡು ಪಟ್ಟಣದಲ್ಲಿ ಕೂಲಿ ಮಾಡುವವನಿಗೆ ಬೇಕಾದದ್ದು ನಿವೇಶನವಲ್ಲ. ಆರು ತಿಂಗಳಿಗೋ ಆರು ವರ್ಷಕ್ಕೋ ನೆಮ್ಮದಿಯಾಗಿ ಇರಬಹುದಾದ ಬಾಡಿಗೆಯ ಮನೆ.

ಗಣಿಗಳು 1956ರಲ್ಲಿ ಮೈಸೂರು ರಾಜ್ಯದ ವಶಕ್ಕೂ 1962ರಲ್ಲಿ ಕೇಂದ್ರದ ವಶಕ್ಕೂ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪೆನಿಯಾದವು. ಯಜಮಾನನು ಬದಲಾದನು, ಲೈನು ಮಾತ್ರ ಅಲ್ಲಿಯೇ ಇದ್ದಿತು. ಒಟ್ಟು ಎಂಟುನೂರು ಟನ್ನಿಗೂ ಮಿಕ್ಕ ಚಿನ್ನವನ್ನು ಕೊಟ್ಟ ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಿತು. ಆ ದಿನದಿಂದ ಲೈನಿನ ನಿವಾಸಿಯ ಸ್ಥಿತಿಯು ವಿಚಿತ್ರವಾಯಿತು. ಅವನು ಉದ್ಯೋಗಿಯಲ್ಲ, ಏಕೆಂದರೆ ಉದ್ಯೋಗವಿಲ್ಲ. ಬಾಡಿಗೆದಾರನಲ್ಲ, ಏಕೆಂದರೆ ಕರಾರಿಲ್ಲ. ಒಡೆಯನಲ್ಲ, ಏಕೆಂದರೆ ಹಕ್ಕುಪತ್ರವಿಲ್ಲ. ಹಕ್ಕುಪತ್ರದ ಬೇಡಿಕೆಯು ಮಾಜಿ ಕಾರ್ಮಿಕರ ಸಂಘಗಳ ಬಾಯಲ್ಲಿ ವರ್ಷವರ್ಷವೂ ಮೊಳಗಿದೆ. ಮಾಡು ಸೋರಿದರೆ ರಿಪೇರಿ ಯಾರದು, ನೀರಿನ ಕೊಳವೆ ಒಡೆದರೆ ಯಾರನ್ನು ಕರೆಯಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಇರಲಿಲ್ಲ. ಕಂಪೆನಿಯ ದೊಡ್ಡ ಆಸ್ಪತ್ರೆಯೂ ಮುಚ್ಚಿತು. ಗಾಳಿ ಬೀಸುವ ಕಾಲದಲ್ಲಿ, ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯನ್ನು ಸುರಿದು ಎದ್ದ ಸಯನೈಡ್ ಗುಡ್ಡಗಳ ಬಿಳಿಯ ಧೂಳು ಅದೇ ಕೋಣೆಗಳೊಳಗೆ ಬಂದು ಕೂರುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದುವರಿಯುವುದು ಅನ್ಯಾಯ. ಅನೇಕ ಲೈನುಗಳಲ್ಲಿ ಮನೆಗೊಂದು ಶೌಚಾಲಯವಿರಲಿಲ್ಲ, ಒಣ ಪಾಯಿಖಾನೆಗಳಿದ್ದವು. ಮಲ ಹೊರುವ ಪದ್ಧತಿಯನ್ನು ದೇಶದ ಕಾನೂನು 1993ರಲ್ಲೇ ನಿಷೇಧಿಸಿದ್ದರೂ, 2011ರ ವೇಳೆಗೂ ಈ ಊರಿನಲ್ಲಿ ಅದು ನಡೆದೇ ಇದ್ದಿತೆಂಬುದು ಗುಂಡಿ ಸ್ವಚ್ಛ ಮಾಡಲು ಇಳಿದವರು ಸತ್ತಾಗ ನಾಡಿಗೆ ತಿಳಿಯಿತು. ವಸತಿಯ ಯೋಜಕರು ಉಳಿಸಿದ ಶೌಚಾಲಯದ ವೆಚ್ಚವನ್ನು ನೂರು ವರ್ಷಗಳ ಕಾಲ ಕೆಲವು ಮನೆತನಗಳು ತಮ್ಮ ತಲೆಯ ಮೇಲೆ ಹೊತ್ತವು. ಕಡಮೆ ಬಾಡಿಗೆಯ ಮನೆಯೆಂದರೆ ಕಡಮೆ ಮನೆಯೆಂದು ಎಣಿಸುವವರ ಎದುರಿಗೆ ಈ ಒಂದು ಉದಾಹರಣೆಯನ್ನು ಇಡಬೇಕು.

ಈಗ ಕೆಜಿಎಫ್ ಎಂದು ಕರೆಯುವ ಈ ಗಣಿಯ ಊರು, ಬಂಗಾರಪೇಟೆ, ಈ ಎರಡು ಪಟ್ಟಣಗಳಲ್ಲಿ ಅಲ್ಪಬಾಡಿಗೆಯ ಮನೆ ಯಾರಿಗೆ ಬೇಕು? ಕೆಜಿಎಫ್‌ನಲ್ಲಿರುವ ಬಿಇಎಂಎಲ್ ಕಾರ್ಖಾನೆಯು ಕಾಯಂ ನೌಕರರಿಗಾಗಿ ತನ್ನದೇ ನಗರವನ್ನು ಕಟ್ಟಿಕೊಂಡಿದೆ. ಬಂಗಾರಪೇಟೆಯಲ್ಲಿ ರೈಲ್ವೆಯ ಕ್ವಾರ್ಟರ್ಸುಗಳಿವೆ. ಪೊಲೀಸರಿಗಾಗಿ ಮನೆ ಕಟ್ಟಲು 1985ರಿಂದ ರಾಜ್ಯದಲ್ಲಿ ಪ್ರತ್ಯೇಕ ನಿಗಮವೇ ಇದೆ. ಮನೆ ಸಿಕ್ಕಿದ ಪೇದೆಯು ಮನೆಬಾಡಿಗೆಯ ಭತ್ಯೆಯನ್ನು ಬಿಟ್ಟುಕೊಟ್ಟು ಅದರಲ್ಲಿರುತ್ತಾನೆ, ಸಿಗದವನು ಭತ್ಯೆಯನ್ನು ಪಡೆದು ಹೊರಗೆ ಮನೆ ಹುಡುಕುತ್ತಾನೆ. ಈ ಎರಡೂ ಇಲ್ಲದವರೇ ನಮ್ಮ ವಿಚಾರಕ್ಕೆ ಮುಖ್ಯರಾದವರು: ಗುತ್ತಿಗೆಯ ದಾದಿ, ಹೊರಗುತ್ತಿಗೆಯ ವಾರ್ಡ್ ಸಹಾಯಕ, ಅತಿಥಿ ಉಪನ್ಯಾಸಕ, ಗೌರವಧನದ ಮೇಲೆ ದುಡಿಯುವ ಆಶಾ ಕಾರ್ಯಕರ್ತೆ, ಹೋಂಗಾರ್ಡ್. ಇವರಿಗೆ ಕ್ವಾರ್ಟರ್ಸೂ ಇಲ್ಲ, ಭತ್ಯೆಯೂ ಇಲ್ಲ. ಕಾಯಂ ಪೌರಕಾರ್ಮಿಕರಿಗೆ ‘ಗೃಹಭಾಗ್ಯ’ವೆಂಬ ಯೋಜನೆ ಇದೆ, ಅವರ ಪಕ್ಕದಲ್ಲೇ ಪೊರಕೆ ಹಿಡಿದಿರುವ ಗುತ್ತಿಗೆಯವರಿಗೆ ಬಾಡಿಗೆಯ ಮನೆಯೇ ಗತಿ. ಬಾಡಿಗೆಯೊಂದೇ ಆಗಿದ್ದರೆ ಹೇಗೋ ಸಾಗೀತು. ಹಲವು ತಿಂಗಳ ಬಾಡಿಗೆಯನ್ನು ಒಮ್ಮೆಗೇ ಕೇಳುವ ಅಡ್ವಾನ್ಸ್ ಇದೆ. ಅದಕ್ಕೂ ಮೀರಿ, ಲಕ್ಷಗಟ್ಟಲೆ ಇಡಿಗಂಟನ್ನು ಮಾಲೀಕನ ಕೈಗಿತ್ತು ಬಾಡಿಗೆಯಿಲ್ಲದೆ ಇರುವ ‘ಭೋಗ್ಯ’ದ ಪದ್ಧತಿ ಇದೆ. ಕೈಯಲ್ಲಿ ಇಡಿಗಂಟಿಲ್ಲದವನು ಬಡ್ಡಿಗೆ ತಂದು ಭೋಗ್ಯಕ್ಕೆ ಹಾಕುತ್ತಾನೆ. ಆ ಬಡ್ಡಿಯೇ ಅವನ ಬಾಡಿಗೆಯಾಗುತ್ತದೆ. ಜಾತಿಯನ್ನು ಕೇಳಿ ಬಾಗಿಲು ಮುಚ್ಚುವ ಮನೆಗಳೂ ಉಂಟು, ಒಂಟಿ ಹೆಣ್ಣುಮಗಳಿಗೆ ಕೊಡುವುದಿಲ್ಲವೆನ್ನುವ ಮನೆಗಳೂ ಉಂಟು.

ಇದರ ಜೊತೆಗೆ ಕೋಲಾರ ತಾಲ್ಲೂಕಿನ ನರಸಾಪುರ, ವೇಮಗಲ್ಲುಗಳಲ್ಲಿ ಹೊಸ ಕೈಗಾರಿಕೆಗಳು ಬಂದಿವೆ. ಸ್ಕೂಟರು ತಯಾರಿಸುವ, ಮೊಬೈಲು ಫೋನು ಜೋಡಿಸುವ ಕಾರ್ಖಾನೆಗಳಿಗೆ ಸಾವಿರಾರು ಯುವಕ ಯುವತಿಯರು ಮೂರು ಪಾಳಿಗಳಲ್ಲಿ ಬೇಕು. ಕೆಲವರು ಕಂಪೆನಿಯ ಬಸ್ಸಿನಲ್ಲಿ ಕೆಜಿಎಫ್, ಬಂಗಾರಪೇಟೆಗಳಿಂದ ಹೋಗಿಬರುತ್ತಾರೆ. ದೂರದ ಜಿಲ್ಲೆಗಳಿಂದ ಬಂದವರು ಪಿ.ಜಿ.ಗಳೆಂಬ ಕಟ್ಟಡಗಳಲ್ಲಿ ಒಂದೊಂದು ಕೋಣೆಗೆ ಹಲವರಂತೆ ಇರುತ್ತಾರೆ. ತಟ್ಟಿಯ ಬದಲು ಕಾಂಕ್ರೀಟು ಬಂದಿದೆಯೆನ್ನುವುದನ್ನು ಬಿಟ್ಟರೆ ಲೈನಿನ ಪರಿಸ್ಥಿತಿಗೂ ಇದಕ್ಕೂ ಅಂತರವು ದೊಡ್ಡದಲ್ಲ.

2020ರಲ್ಲಿ, ಕೊರೋನಾ ವ್ಯಾಧಿಯ ದಿಗ್ಬಂಧನದಲ್ಲಿ ಬಾಡಿಗೆ ತೆರಲಾರದ ವಲಸೆ ಕಾರ್ಮಿಕರು ಹೆದ್ದಾರಿಗಳ ಮೇಲೆ ನಡೆದು ಊರು ಸೇರಿದ ದೃಶ್ಯವನ್ನು ದೇಶವೆಲ್ಲ ಕಂಡ ತರುವಾಯ, ಕೇಂದ್ರ ಸಂಪುಟವು ಜುಲೈ 8ರಂದು ಪ್ರಧಾನಮಂತ್ರಿ ಆವಾಸ್ ಯೋಜನೆಯ ಅಂಗವಾಗಿ ಅಲ್ಪಬಾಡಿಗೆಯ ವಸತಿ ಸಮುಚ್ಚಯಗಳ ಯೋಜನೆಗೆ ಒಪ್ಪಿಗೆಯಿತ್ತಿತು. ಅದರ ರೀತಿ ಎರಡು ಬಗೆಯದು. ಹಿಂದಿನ ಯೋಜನೆಗಳಲ್ಲಿ ಸರ್ಕಾರದ ಹಣದಿಂದ ಕಟ್ಟಿ ಖಾಲಿ ಬಿದ್ದಿರುವ ಮನೆಗಳನ್ನು ದುರಸ್ತಿ ಮಾಡಿ 25 ವರ್ಷಗಳ ಕಾಲ ಬಾಡಿಗೆಗೆ ನಡೆಸುವುದು ಒಂದು. ಖಾಸಗಿ ಅಥವಾ ಸಾರ್ವಜನಿಕ ಸಂಸ್ಥೆಗಳು ತಮ್ಮದೇ ಖಾಲಿ ನೆಲದಲ್ಲಿ ಹೊಸದಾಗಿ ಕಟ್ಟಿ ಅಷ್ಟೇ ಕಾಲ ನಡೆಸುವುದು ಇನ್ನೊಂದು. ಹಾಗೆ ಕಟ್ಟುವವರಿಗೆ ತೆರಿಗೆಯ ವಿನಾಯಿತಿ, ಕಡಮೆ ಬಡ್ಡಿಯ ಸಾಲ, ಅದೇ ನೆಲದಲ್ಲಿ ಅರ್ಧದಷ್ಟು ಹೆಚ್ಚು ಕಟ್ಟಡಕ್ಕೆ ಅನುಮತಿ. ಮೊದಲ ಬಾಡಿಗೆಯನ್ನು ಸ್ಥಳೀಯ ಸಂಸ್ಥೆಯು ಊರಿನ ದರವನ್ನು ವಿಚಾರಿಸಿ ನಿಗದಿ ಮಾಡುತ್ತದೆ. ಅನಂತರ ಎರಡು ವರ್ಷಕ್ಕೊಮ್ಮೆ ನೂರಕ್ಕೆ ಎಂಟರಂತೆ, ಐದು ವರ್ಷಗಳಲ್ಲಿ ಒಟ್ಟು ನೂರಕ್ಕೆ ಇಪ್ಪತ್ತನ್ನು ಮೀರದಂತೆ ಏರಿಸಬಹುದು. 2024ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಆವಾಸ್ ಯೋಜನೆಯ ಎರಡನೆಯ ಘಟ್ಟದಲ್ಲಿ ಬಾಡಿಗೆಯ ವಸತಿಗೆ ಸ್ವತಂತ್ರ ಸ್ಥಾನವೇ ದೊರೆತಿದ್ದು, ಉದ್ಯೋಗಸ್ಥ ಮಹಿಳೆಯರನ್ನೂ ಕೈಗಾರಿಕಾ ಕಾರ್ಮಿಕರನ್ನೂ ಅದು ಹೆಸರಿಸಿ ಸೇರಿಸಿಕೊಂಡಿದೆ.

ಚಂಡೀಗಢ, ಸೂರತ್ತುಗಳಂತಹ ನಗರಗಳಲ್ಲಿ ಖಾಲಿ ಮನೆಗಳು ಬಾಡಿಗೆದಾರರನ್ನು ಕಂಡವು. ದೇಶದ ಮಟ್ಟದಲ್ಲಿ ಖಾಲಿಯಿದ್ದ ಮನೆಗಳ ಸಣ್ಣದೊಂದು ಭಾಗ ಮಾತ್ರ ಹೀಗೆ ಬಳಕೆಗೆ ಬಂದಿದೆ. ಅವು ಖಾಲಿ ಬಿದ್ದದ್ದೇ ಕೆಲಸಕ್ಕೆ ದೂರವೆಂಬ ಕಾರಣದಿಂದ. ಯೋಜನೆಯನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಕಾರ್ಖಾನೆಯೇ ತನ್ನ ನೆಲದಲ್ಲಿ ತನ್ನ ಕಾರ್ಮಿಕರಿಗೆ ಕಟ್ಟಿ ಬಾಡಿಗೆ ಪಡೆಯಬಹುದೆಂಬ ಅಂಶವು ಕೆಜಿಎಫ್‌ನ ಇತಿಹಾಸವನ್ನು ಬಲ್ಲವನಿಗೆ ಅಳುಕನ್ನು ತರುತ್ತದೆ. 25 ವರ್ಷಗಳಲ್ಲಿ ಆ ಕಾರ್ಖಾನೆಯು ಮುಚ್ಚಿದರೆ? ದುಡಿಯುವವಳು ಸಂಘ ಕಟ್ಟಿ ಕೆಲಸ ಕಳೆದುಕೊಂಡರೆ? ಕೋಣೆಯ ಬೀಗವನ್ನು ಯಾರು ತೆಗೆಸಿಕೊಳ್ಳುತ್ತಾರೆ?

ವಿಯೆನ್ನಾ ನಗರವು ಈ ಪ್ರಶ್ನೆಗೆ ನೂರು ವರ್ಷಗಳ ಹಿಂದೆಯೇ ಒಂದು ದಾರಿಯನ್ನು ಕಂಡುಕೊಂಡಿತು. 1923ರಲ್ಲಿ ಅಲ್ಲಿಯ ನಗರಸಭೆಯು ವಸತಿಯ ಮೇಲೆ ಒಂದು ತೆರಿಗೆಯನ್ನು, ದೊಡ್ಡ ಮನೆಗೆ ಹೆಚ್ಚು, ಚಿಕ್ಕ ಮನೆಗೆ ಕಡಮೆ ಎಂಬಂತೆ ವಿಧಿಸಿ, 1934ರೊಳಗೆ 60,000ಕ್ಕೂ ಮಿಕ್ಕ ಮನೆಗಳನ್ನು ಕಟ್ಟಿತು. 1930ರಲ್ಲಿ ಮುಗಿದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಒಂದೇ ಸಮುಚ್ಚಯದಲ್ಲಿ 1,382 ಮನೆಗಳು, ಅವುಗಳೊಡನೆ ಶಿಶುವಿಹಾರ, ಬಟ್ಟೆ ಒಗೆಯುವ ಮನೆ, ವಾಚನಾಲಯ. ಮನೆಯ ಒಡೆತನವು ನಗರಸಭೆಯದು. ಬಾಡಿಗೆದಾರನು ಎಲ್ಲಿ ದುಡಿದರೂ, ಕೆಲಸ ಬಿಟ್ಟರೂ ಮನೆಯು ಅವನ ಕರಾರಿನಂತೆ ಅವನದು. ಇಂದಿಗೂ ಆ ನಗರಸಭೆಯ ಕೈಯಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಬಾಡಿಗೆಯ ಮನೆಗಳಿವೆ.

ಕೆಜಿಎಫ್ ವಿಯೆನ್ನಾ ಆಗಬೇಕಾಗಿಲ್ಲ. ಆದರೆ ಬೇರೆ ಪಟ್ಟಣಗಳು ಹಣ ಕೊಟ್ಟು ಕೊಳ್ಳಬೇಕಾದ ವಸ್ತುವು ಇಲ್ಲಿ ಸಾರ್ವಜನಿಕರ ಕೈಯಲ್ಲೇ ಇದೆ, ಅದೇ ನೆಲ. ಮುಚ್ಚಿದ ಗಣಿಯ ನೆಲವೂ ಬಿಇಎಂಎಲ್‌ನ ಹೆಚ್ಚುವರಿ ನೆಲವೂ ಕೈಗಾರಿಕೆಗಳಿಗೆಂದು ಲೆಕ್ಕಹಾಕಲ್ಪಡುತ್ತಿರುವ ಈ ಹೊತ್ತಿನಲ್ಲಿ, ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯು ಬೇತಮಂಗಲದ ಬಳಿ ಹಾಯುತ್ತಿರುವ ಈ ಹೊತ್ತಿನಲ್ಲಿ, ಕಾರ್ಖಾನೆಗೆ ಅಳೆದುಕೊಡುವ ಪ್ರತಿಯೊಂದು ಭಾಗದ ಜೊತೆಗೆ ಬಾಡಿಗೆಯ ವಸತಿಗೊಂದು ಭಾಗವನ್ನು ನಗರಸಭೆಯ ಹೆಸರಿನಲ್ಲೇ ತೆಗೆದಿಡಬೇಕು. ಸಯನೈಡ್ ಗುಡ್ಡದ ಗಾಳಿ ಬೀಸುವ ದಿಕ್ಕನ್ನು ಬಿಟ್ಟು, ರೈಲುನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಅದನ್ನು ಗುರುತಿಸಬೇಕು. ಬಂಗಾರಪೇಟೆಯಲ್ಲಿ ಜಂಕ್ಷನ್ನಿನ ಸುತ್ತಲೇ ಆಗಬೇಕು. ಬೆಂಗಳೂರಿಗೂ ಕೋಲಾರಕ್ಕೂ ಮಾರಿಕುಪ್ಪಂಗೂ ಅಲ್ಲಿಂದ ಹಳಿಗಳಿವೆ. ಈಗಾಗಲೇ ಲೈನುಗಳಲ್ಲಿ ತಲೆಮಾರುಗಳಿಂದ ಇರುವವರಿಗೆ ಅವರ ಮನೆಯ ಹಕ್ಕುಪತ್ರವು ಮೊದಲು ಸಿಗಬೇಕು; ಹೊಸ ಬಾಡಿಗೆದಾರರ ಹೆಸರಿನಲ್ಲಿ ಹಳಬರನ್ನು ಎಬ್ಬಿಸುವುದಾದರೆ ಅದು ವಸತಿ ಯೋಜನೆಯೇ ಅಲ್ಲ.

ಇನ್ನು ಕರಾರಿನ ಮಾತು. ಬಾಡಿಗೆಯು ಕುಟುಂಬದ ಸಂಬಳದ ಒಂದು ಗೊತ್ತಾದ ಪಾಲನ್ನು ಮೀರಬಾರದು. ಅಡ್ವಾನ್ಸ್ ಎರಡು ತಿಂಗಳಿಗಿಂತ ಹೆಚ್ಚಿರಬಾರದು. ವಸೂಲಾದ ಬಾಡಿಗೆಯಲ್ಲಿ ಒಂದಂಶವು ರಿಪೇರಿಯ ನಿಧಿಗೆಂದು ಪ್ರತಿ ತಿಂಗಳೂ ಬೇರೆಯ ಖಾತೆಗೆ ಹೋಗಬೇಕು, ಮತ್ತು ಆ ಖಾತೆಯ ಲೆಕ್ಕವನ್ನು ಬಾಡಿಗೆದಾರರ ಸಮಿತಿಯು ನೋಡುವಂತಿರಬೇಕು. ಗುತ್ತಿಗೆಯ ದಾದಿಯ ಗುತ್ತಿಗೆಯು ಮಾರ್ಚಿನಲ್ಲಿ ಮುಗಿದರೆ ಏಪ್ರಿಲ್ಲಿನಲ್ಲಿ ಅವಳ ಸಾಮಾನು ಬೀದಿಗೆ ಬರಬಾರದು: ಇನ್ನೊಂದು ಕೆಲಸ ಹುಡುಕಿಕೊಳ್ಳಲು ಕಡೆಯ ಪಕ್ಷ ಒಂದು ವರ್ಷದ ಅವಕಾಶವು, ಮಕ್ಕಳ ಶಾಲೆಯ ವರ್ಷವು ನಡುವೆ ಮುರಿಯದಂತೆ, ಕರಾರಿನಲ್ಲೇ ಬರೆದಿರಬೇಕು. ಅದಕ್ಕೆ ಸಹಿ ಹಾಕುವವನು ಅವಳಿಗೆ ಕೆಲಸ ಕೊಟ್ಟವನಾಗಿರದೆ ನಗರಸಭೆಯ ಆಯುಕ್ತನಾಗಿರಬೇಕು.